ಸ್ಟ್ರಾಪ್ ಇಲ್ಲದ ಪ್ಯಾಡ್ ಜಾಗ ಬಿಟ್ಟು ಕದಲದಿರುವುದು ಹೇಗೆ?

ಮಂಡಿಗೆ ಕಟ್ಟಿದ ಗಾರ್ಡ್ ಯಾಕೆ ಕೆಳಗೆ ಜಾರುತ್ತದೆ? ಬೈಕ್ ಓಡಿಸುವವರು, ಸ್ಕೇಟಿಂಗ್ ಕಲಿಯುವ ಮಕ್ಕಳು, ವಾಲಿಬಾಲ್ ಆಡುವವರು ಎಲ್ಲರೂ ಇದನ್ನು ಅನುಭವಿಸಿರುತ್ತಾರೆ. ಸ್ಟ್ರಾಪ್ ಬಿಗಿ ಮಾಡಿದರೆ ಮಂಡಿಯ ಹಿಂಭಾಗ ಜೋಮು ಹಿಡಿಯುತ್ತದೆ. ಸಡಿಲ ಮಾಡಿದರೆ ಗಾರ್ಡ್ ಕಣಕಾಲಿನ ಮೇಲೆ ಬಂದು ಕೂರುತ್ತದೆ.

ಕಾರಣ ನಮ್ಮ ಕಾಲಿನ ಆಕಾರದಲ್ಲೇ ಇದೆ. ತೊಡೆ ದಪ್ಪ, ಮಂಡಿಯ ಹತ್ತಿರ ಬಂದಂತೆ ಸಪೂರ. ಸ್ಟ್ರಾಪ್ ನಿಲ್ಲುವುದು ಹಿಸುಕುವ ಬಲದಿಂದ ಮಾತ್ರ. ಮಂಡಿ ಮಡಚಿದಾಗಲೆಲ್ಲ ಸುತ್ತಳತೆ ಬದಲಾಗುತ್ತದೆ, ಚರ್ಮ ಹಿಗ್ಗುತ್ತದೆ, ಕುಗ್ಗುತ್ತದೆ. ಪ್ರತಿ ಸಲ ಸ್ಟ್ರಾಪ್ ಒಂದಿಷ್ಟು ಸಪೂರ ಕಡೆಗೆ ಸರಿಯುತ್ತದೆ. ಮೇಲಿಂದ ಬೆವರು ಬೇರೆ. ಎಷ್ಟೇ ದುಬಾರಿ ಗಾರ್ಡ್ ಆದರೂ ಈ ಜಾರಾಟ ಪೂರ್ತಿ ತಪ್ಪುವುದಿಲ್ಲ.

ಹಾಗಾದರೆ ಪ್ಯಾಡನ್ನು ಮೈಗೆ ಕಟ್ಟುವ ಬದಲು ಬಟ್ಟೆಗೇ ಸೇರಿಸಿಬಿಟ್ಟರೆ? ಪ್ಯಾಂಟ್ ಸೊಂಟದ ಮೇಲೆ ನಿಲ್ಲುತ್ತದೆ, ಜಾಕೆಟ್ ಭುಜದ ಮೇಲೆ ನಿಲ್ಲುತ್ತದೆ. ಇವೆರಡೂ ದೇಹದಲ್ಲಿ ಬಟ್ಟೆ ಜಾರದೆ ನಿಲ್ಲುವ ಜಾಗಗಳು. ಪ್ಯಾಡ್ ಈ ಬಟ್ಟೆಯ ಒಳಜೇಬಿನಲ್ಲಿದ್ದರೆ ಅದಕ್ಕೆ ಬೇರೆ ಹಿಡಿತವೇ ಬೇಡ. ಇದೇನೂ ಹೊಸ ಯೋಚನೆಯಲ್ಲ. ಚರ್ಮದ ಚೆಂಡಿನಲ್ಲಿ ಕ್ರಿಕೆಟ್ ಆಡಿದವರಿಗೆ ಸಪೋರ್ಟರ್ ಗೊತ್ತೇ ಇರುತ್ತದೆ. ಅದರ ಮುಂದಿನ ಜೇಬಿಗೆ ಗಾರ್ಡ್ ತೂರಿಸಿದರೆ ಮುಗಿಯಿತು. ಗಾರ್ಡಿಗೆ ತನ್ನದೇ ಆದ ಸ್ಟ್ರಾಪ್ ಇರುವುದಿಲ್ಲ. ಆದರೂ ಓಡಿದರೂ ಬಿದ್ದರೂ ಅದು ಜಾಗ ಬಿಡುವುದಿಲ್ಲ.

ಇವತ್ತು ಬೈಕ್ ಜಾಕೆಟ್, ರೈಡಿಂಗ್ ಪ್ಯಾಂಟ್, ಗೋಲ್‌ಕೀಪರ್ ಚಡ್ಡಿ, ಕೆಲಸಗಾರರ ಪ್ಯಾಂಟ್, ವಯಸ್ಸಾದವರ ಒಳಚಡ್ಡಿ ಎಲ್ಲದರಲ್ಲೂ ಇದೇ ತತ್ವ ಇದೆ. ಕೊಳ್ಳುವಾಗ ಎಲ್ಲರೂ ಕೇಳುವುದು "ಪ್ಯಾಡ್ ಯಾವ ಕಂಪನಿದು?" ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಬೀಳುವ ಆ ಕ್ಷಣದಲ್ಲಿ ಪ್ಯಾಡ್ ಎಲ್ಲಿರುತ್ತದೆ? ಇದು ಯಾಕೆ ಅಷ್ಟು ಮುಖ್ಯ ಅನ್ನುವುದು ತಿಳಿಯಲು ಪ್ಯಾಡ್ ಏನು ಮಾಡುತ್ತದೆ ಅನ್ನುವುದರಿಂದ ಶುರು ಮಾಡೋಣ.

ಒಂದು ಸೆಂಟಿಮೀಟರಿನ ಬೆಲೆ

ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿರುತ್ತದೆ. ಬೈಕ್ 40ರಲ್ಲಿ ಹೋಗುತ್ತಿರಲಿ, 80ರಲ್ಲಿ ಹೋಗುತ್ತಿರಲಿ, ಸೀಟಿನಿಂದ ರಸ್ತೆಗೆ ಬೀಳುವ ಎತ್ತರ ಒಂದೇ ಅಲ್ವಾ? ಹಾಗಾಗಿ ಪಕ್ಕಕ್ಕೆ ಉರುಳಿ ಬಿದ್ದಾಗ ಮಂಡಿ, ಮೊಣಕೈ ನೆಲಕ್ಕೆ ಬಡಿಯುವ ಏಟು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮುಂದಕ್ಕೆ ಹೋಗುವ ವೇಗ ರಸ್ತೆಗೆ ಉಜ್ಜಿಕೊಂಡು ಕರಗುತ್ತದೆ. ಅಂದರೆ ಏಟು ತಡೆಯುವುದು ಪ್ಯಾಡಿನ ಕೆಲಸ, ಉಜ್ಜುವುದನ್ನು ತಡೆಯುವುದು ಬಟ್ಟೆಯ ಕೆಲಸ. ವೇಗದಲ್ಲಿ ಹೋಗಿ ಕಂಬಕ್ಕೋ ತಡೆಗೋಡೆಗೋ ನೇರವಾಗಿ ಬಡಿದರೆ ಮಾತ್ರ ಈ ಲೆಕ್ಕ ಬೇರೆ. ಅಲ್ಲಿ ಯಾವ ಪ್ಯಾಡೂ ಜಾಸ್ತಿ ಏನೂ ಮಾಡಲಾರದು.

ಯುರೋಪಿನಲ್ಲಿ ಬೈಕ್ ಸವಾರರ ಕೈಕಾಲಿನ ಪ್ಯಾಡುಗಳಿಗೆ ಇಎನ್ 1621-1 ಅನ್ನುವ ಮಾನದಂಡವಿದೆ. ಪರೀಕ್ಷೆಯಲ್ಲಿ 5 ಕೆಜಿ ತೂಕವನ್ನು 50 ಜೂಲ್ ಶಕ್ತಿಯಲ್ಲಿ ಪ್ಯಾಡಿನ ಮೇಲೆ ಬೀಳಿಸುತ್ತಾರೆ. ಸುಮಾರು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಅಷ್ಟಾಗುತ್ತದೆ. ಪ್ಯಾಡಿನ ಕೆಳಗೆ ಉಕ್ಕಿನ ಗುಂಡು ತಲೆಯ ದಿಮ್ಮಿ ಇರುತ್ತದೆ. ಅದಕ್ಕೆ ಎಷ್ಟು ಬಲ ತಲುಪಿತು ಅಂತ ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಬೆನ್ನಿನ ಪ್ಯಾಡಿಗೆ ಇನ್ನೂ ಬಿಗಿ: ಇಎನ್ 1621-2ರಲ್ಲಿ ಲೆವೆಲ್ 1ಕ್ಕೆ 18, ಲೆವೆಲ್ 2ಕ್ಕೆ 9.

ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆಜಿಯ ಭಾರ. 35 ಅಂದರೆ ಮೂರೂವರೆ ಟನ್! ಇದನ್ನು ನೋಡಿ ಗಾಬರಿಯಾಗಬೇಕಿಲ್ಲ. ಉಕ್ಕಿನ ದಿಮ್ಮಿಗೆ ಮಾಂಸವಿಲ್ಲ, ಚರ್ಮವಿಲ್ಲ, ಅದು ಪಕ್ಕಕ್ಕೆ ಸರಿಯುವುದೂ ಇಲ್ಲ. ನಮ್ಮ ಮೈ ಇದೆಲ್ಲವನ್ನೂ ಮಾಡುತ್ತದೆ. ಈ ಸಂಖ್ಯೆಗಳು ಒಂದು ಪ್ಯಾಡನ್ನು ಇನ್ನೊಂದರ ಜೊತೆ ಹೋಲಿಸಲು ಮಾತ್ರ.

ಪ್ಯಾಡ್ ಬಲವನ್ನು ತಗ್ಗಿಸುವುದು ಹೇಗೆ? ಬೀಳುವ ಶಕ್ತಿ ಅಷ್ಟೇ ಇದ್ದರೂ, ನಿಲ್ಲಲು ಸಿಗುವ ದೂರ ಹೆಚ್ಚಾದರೆ ಬಲ ಕಡಿಮೆಯಾಗುತ್ತದೆ. 50 ಜೂಲ್ ಶಕ್ತಿ 2 ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ಬಲ 25 ಕಿಲೋನ್ಯೂಟನ್. ಅದೇ 10 ಮಿಲಿಮೀಟರಿನಲ್ಲಿ ನಿಂತರೆ 5 ಮಾತ್ರ. ಒಂದು ಸೆಂಟಿಮೀಟರ್ ದಪ್ಪಕ್ಕೆ ಇಷ್ಟು ಬೆಲೆ ಇದೆ. ಆ ಸೆಂಟಿಮೀಟರ್ ಮಂಡಿಚಿಪ್ಪಿನ ಮೇಲಿರದೆ ನಾಲ್ಕು ಬೆರಳು ಕೆಳಗೆ ಸರಿದಿದ್ದರೆ ಸಿಗುವ ಲಾಭ ಸೊನ್ನೆ.

ದಪ್ಪ ಇದ್ದರೆ ಸಾಲದು, ಆ ದಪ್ಪ ಪೂರ್ತಿ ಬಳಕೆಯಾಗಬೇಕು. ಸಾಮಾನ್ಯ ಸ್ಪಂಜು ಮೊದಲ ಒತ್ತಡಕ್ಕೇ ಸುಲಭವಾಗಿ ಕುಸಿದು ತಳ ಮುಟ್ಟುತ್ತದೆ. ಶಕ್ತಿಯ ಬಹುಪಾಲು ಹಾಗೇ ಉಳಿದಿರುತ್ತದೆ, ಅದೆಲ್ಲ ಮೂಳೆಗೆ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಏಟನ್ನು ಅಗಲ ಜಾಗಕ್ಕೆ ಹರಡುತ್ತದೆ, ಆದರೆ ಅದೊಂದೇ ಇದ್ದರೆ ನಿಲ್ಲುವ ದೂರ ಹೆಚ್ಚುವುದಿಲ್ಲ. ಅದಕ್ಕೇ ಹಳೇ ಗಾರ್ಡುಗಳಲ್ಲಿ ಹೊರಗೆ ಚಿಪ್ಪು, ಒಳಗೆ ಫೋಮ್ ಇರುತ್ತಿತ್ತು. ಅವು ದಪ್ಪ, ಬಾಗುವುದಿಲ್ಲ. ಬಟ್ಟೆಯೊಳಗೆ ಹಾಯಾಗಿ ಕೂರುವಂಥವಲ್ಲ. ಹೊರಗಿಂದ ಸ್ಟ್ರಾಪ್ ಹಾಕಿ ಕಟ್ಟಲೇಬೇಕಿತ್ತು.

ಇದನ್ನು ಬದಲಿಸಿದ್ದು ಹೊಸ ಬಗೆಯ ವಸ್ತುಗಳು. ಕಾರ್ನ್‌ಫ್ಲೋರಿಗೆ ಸ್ವಲ್ಪವೇ ನೀರು ಹಾಕಿ ಕಲಸಿ ನೋಡಿ. ಬೆರಳನ್ನು ನಿಧಾನವಾಗಿ ಅದ್ದಿದರೆ ಒಳಗೆ ಹೋಗುತ್ತದೆ, ಜೋರಾಗಿ ಗುದ್ದಿದರೆ ಗಟ್ಟಿಯಾಗಿ ತಡೆಯುತ್ತದೆ. ಹೆಚ್ಚುಕಡಿಮೆ ಇದೇ ಗುಣ ಇರುವ ಪಾಲಿಮರುಗಳಿಂದ ಇಂದಿನ ಮೆತ್ತನೆಯ ಪ್ಯಾಡುಗಳು ತಯಾರಾಗುತ್ತವೆ. ನಿಧಾನವಾಗಿ ಬಾಗಿಸಿದಾಗ ಅವುಗಳ ಉದ್ದನೆಯ ಅಣುಸರಪಳಿಗಳು ಒಂದರ ಪಕ್ಕ ಒಂದು ಜಾರುತ್ತವೆ. ಏಟು ಬಿದ್ದಾಗ ಜಾರಲು ಸಮಯವೇ ಸಿಗದೆ ಬಿಗಿದುಕೊಳ್ಳುತ್ತವೆ, ಆ ಸೆಣಸಾಟದಲ್ಲಿ ಶಕ್ತಿ ಕರಗುತ್ತದೆ. ಬ್ರಿಟನ್ನಿನ ರಿಚರ್ಡ್ ಪಾಮರ್ 1999ರಲ್ಲಿ ಶುರುಮಾಡಿದ ಡಿ3ಒ ಇವುಗಳಲ್ಲಿ ಹೆಸರುವಾಸಿ. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಅಮೆರಿಕದ ಸ್ಕೀ ಪಟುಗಳು ಅದನ್ನು ತಮ್ಮ ಮೈಗಂಟಿದ ಸೂಟಿನೊಳಗೇ ಹಾಕಿಕೊಂಡಿದ್ದರು. ಜರ್ಮನಿಯ ಸಾಸ್-ಟೆಕ್ ಕೂಡ ಇಂಥ ಮೆತ್ತನೆಯ ಪ್ಯಾಡುಗಳನ್ನು ಮಾಡುತ್ತದೆ. ಪ್ಯಾಡ್ ಮೆತ್ತಗಾಗಿ ಬಾಗತೊಡಗಿದ ಮೇಲೆ ಅದಕ್ಕೆ ಬಟ್ಟೆಯೊಳಗೆ ಜಾಗ ಸಿಕ್ಕಿತು.

ಜೇಬು, ವೆಲ್ಕ್ರೋ, ಹೊಲಿಗೆ

ಬಟ್ಟೆಗೆ ಪ್ಯಾಡ್ ಸೇರಿಸುವುದಕ್ಕೆ ಮುಖ್ಯವಾಗಿ ಮೂರು ದಾರಿ ಇವೆ.

ಎಲ್ಲಕ್ಕಿಂತ ಜಾಸ್ತಿ ಕಾಣುವುದು ಒಳಜೇಬು. ಜಾಕೆಟ್ಟಿನ ಭುಜ, ಮೊಣಕೈ, ಬೆನ್ನು, ಪ್ಯಾಂಟಿನ ಮಂಡಿ, ಸೊಂಟ ಇಲ್ಲೆಲ್ಲ ಲೈನಿಂಗಿಗೆ ಜೇಬು ಹೊಲಿದಿರುತ್ತಾರೆ. ಒಗೆಯುವಾಗ ಪ್ಯಾಡ್ ತೆಗೆಯಬಹುದು, ಹಳೆಯದಾದರೆ ಬದಲಿಸಬಹುದು. ಲೆವೆಲ್ 1 ತೆಗೆದು ಅದೇ ಅಳತೆಯ ಲೆವೆಲ್ 2 ಹಾಕಬಹುದು. ಜೇಬು ಒಳಪದರದಲ್ಲಿ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಿದ್ದು ಉಜ್ಜಿದಾಗ ಹೊರಗಿನ ಬಟ್ಟೆ ಸವೆದರೂ ಪ್ಯಾಡ್ ಹಿಡಿದಿರುವ ಜೇಬು ಉಳಿಯಬೇಕು. ಜೇಬೇ ಹರಿದರೆ ಪ್ಯಾಡ್ ರಸ್ತೆಯ ಪಾಲು. ಸಾಮಾನ್ಯ ಜೀನ್ಸಿಗೆ ಒಳಗಿಂದ ಜೇಬು ಹೊಲಿಸಿ ಪ್ಯಾಡ್ ಹಾಕಿಕೊಳ್ಳುವವರು ಇದನ್ನು ಯೋಚಿಸಬೇಕು. ಏಟಿಗೆ ರಕ್ಷಣೆ ಸಿಕ್ಕರೂ ತೆಳು ಬಟ್ಟೆ ಡಾಂಬರಿನ ಮೇಲೆ ಬಹಳ ಬೇಗ ಹರಿಯುತ್ತದೆ.

ವೆಲ್ಕ್ರೋ ಕತೆ ಸ್ವಾರಸ್ಯವಾಗಿದೆ. ವೆಲ್ಕ್ರೋ ಹಚ್ಚಿದ ಎರಡು ಪಟ್ಟಿಗಳನ್ನು ಅಂಚಿನಿಂದ ಎತ್ತಿದರೆ ಪರ್ ಅಂತ ಬಿಚ್ಚಿಕೊಳ್ಳುತ್ತದೆ. ಯಾಕೆಂದರೆ ಆಗ ಒಂದು ಸಾಲಿನ ಕೊಕ್ಕೆಗಳು ಮಾತ್ರ ತಡೆಯುತ್ತಿರುತ್ತವೆ. ಅದೇ ಪಟ್ಟಿಯನ್ನು ಅಡ್ಡಡ್ಡ ಎಳೆದರೆ ಎಲ್ಲ ಕೊಕ್ಕೆಗಳೂ ಒಟ್ಟಿಗೆ ಹಿಡಿಯುತ್ತವೆ, ಸುಲಭಕ್ಕೆ ಬಿಡುವುದಿಲ್ಲ. ಇದರ ಪೂರ್ತಿ ಲಾಭ ಪಡೆಯುವವರು ರೇಸ್ ಸವಾರರು. ತಿರುವಿನಲ್ಲಿ ಬೈಕ್ ವಾಲಿಸಿದಾಗ ಅವರ ಮಂಡಿ ಟ್ರ್ಯಾಕಿಗೆ ಉಜ್ಜುತ್ತದೆ. ಚರ್ಮದ ಸೂಟಿನ ಮಂಡಿ ಪಕ್ಕದಲ್ಲಿ ಇದಕ್ಕೆಂದೇ ಸ್ಲೈಡರ್ ಅನ್ನುವ ಗಟ್ಟಿ ತುಂಡು ಇರುತ್ತದೆ. ಅದನ್ನು ಹಿಡಿದಿರುವುದು ವೆಲ್ಕ್ರೋ ಮಾತ್ರ. ಟ್ರ್ಯಾಕ್ ಅದನ್ನು ಅಡ್ಡಡ್ಡ ಎಳೆಯುತ್ತದೆ, ವೆಲ್ಕ್ರೋ ತನ್ನ ಬಲವಾದ ದಿಕ್ಕಿನಲ್ಲೇ ತಡೆಯುತ್ತದೆ. ಸವೆದರೆ ಕ್ಷಣದಲ್ಲಿ ಕಿತ್ತು ಹೊಸದು ಅಂಟಿಸುತ್ತಾರೆ. ಆದರೆ ಅಂಚು ಎಲ್ಲಿಯಾದರೂ ಸಿಕ್ಕಿ ಮೇಲೆದ್ದರೆ ಪೂರ್ತಿ ಕಿತ್ತುಬರಬಹುದು. ಹಾಗಾಗಿ ವೆಲ್ಕ್ರೋ ಪ್ಯಾಡ್ ಕೊಳ್ಳುವಾಗ ಪಟ್ಟಿ ಅಂಚಿನವರೆಗೂ ಇದೆಯಾ, ಮೂಲೆಗಳು ದುಂಡಗಿವೆಯಾ ನೋಡಿ. ಕೊಕ್ಕೆಗಳಲ್ಲಿ ನೂಲು, ಮಣ್ಣು ತುಂಬಿದರೆ ಹಿಡಿತ ಕಡಿಮೆಯಾಗುತ್ತದೆ. ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ಕೆಲವು ರೈಡಿಂಗ್ ಪ್ಯಾಂಟುಗಳಲ್ಲಿ ಜೇಬಿನ ಒಳಗೂ ವೆಲ್ಕ್ರೋ ಇರುತ್ತದೆ. ನಿಮ್ಮ ಕಾಲಿನ ಉದ್ದಕ್ಕೆ ತಕ್ಕಂತೆ ಮಂಡಿ ಪ್ಯಾಡನ್ನು ಮೇಲೆ ಕೆಳಗೆ ಮಾಡಿಕೊಳ್ಳಲು ಅದು ಬಹಳ ಉಪಯೋಗ.

ಮೂರನೆಯದು ಬಟ್ಟೆಗೇ ಹೊಲಿದ ಅಥವಾ ಅಂಟಿಸಿದ ಪ್ಯಾಡ್. ಗೋಲ್‌ಕೀಪರುಗಳ ಬಿಗಿ ಚಡ್ಡಿಯಲ್ಲಿ, ಬಾಸ್ಕೆಟ್‌ಬಾಲ್ ಆಟಗಾರರ ಒಳಚಡ್ಡಿಯಲ್ಲಿ ಇದನ್ನು ನೋಡಬಹುದು. ಅಮೆರಿಕನ್ ಫುಟ್‌ಬಾಲಿನಲ್ಲಿ ಪ್ಯಾಂಟಿಗೇ ಹೊಲಿದದ್ದೂ ಇದೆ, ಜೇಬಿಗೆ ತೂರಿಸುವುದೂ ಇದೆ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 2013ರಲ್ಲಿ ತೊಡೆ ಮತ್ತು ಮಂಡಿ ಪ್ಯಾಡ್ ಕಡ್ಡಾಯ ಮಾಡಿತು. ಹೊಲಿದ ಪ್ಯಾಡ್ ಜಾಗ ಬಿಡುವ ಮಾತೇ ಇಲ್ಲ, ಆದರೆ ಬದಲಿಸಲೂ ಆಗುವುದಿಲ್ಲ.

ಟ್ರಯಲ್ ರೂಮಿನಲ್ಲಿ ನಿಂತು ನೋಡಿದರೆ ಸಾಲದು

ಸ್ಟ್ರಾಪ್ ಇಲ್ಲದ ಪ್ಯಾಡಿಗೆ ಒಂದೇ ಒಂದು ಷರತ್ತು: ಬಟ್ಟೆ ಮೈಗೆ ಸರಿಯಾಗಿ ಕೂರಬೇಕು. ದೊಗಲೆ ಜಾಕೆಟ್ಟಿನೊಳಗೆ ಲೆವೆಲ್ 2 ಪ್ಯಾಡ್ ಇದ್ದರೂ ಮೊಣಕೈ ನೆಲಕ್ಕೆ ಬಡಿಯುವ ಹೊತ್ತಿಗೆ ಅದು ಪಕ್ಕಕ್ಕೆ ತಿರುಗಿರುತ್ತದೆ. "ಒಂದು ಸೈಜ್ ದೊಡ್ಡದಿರಲಿ, ಒಳಗೆ ಸ್ವೆಟರ್ ಹಾಕ್ಕೋಬಹುದು" ಅನ್ನುವುದು ನಮ್ಮಲ್ಲಿ ಸಾಮಾನ್ಯ. ರೈಡಿಂಗ್ ಜಾಕೆಟ್ಟಿಗೆ ಈ ಲೆಕ್ಕ ಹಾಕಬೇಡಿ.

ಕೊಳ್ಳುವಾಗ ಬೈಕಿನ ಮೇಲೆ ಕೂತೇ ನೋಡಿ. ಅಂಗಡಿಯಲ್ಲಿ ಬೈಕ್ ಇಲ್ಲದಿದ್ದರೆ ಸ್ಟೂಲಿನ ಮೇಲಾದರೂ ಕೂತು, ಕೈ ಮುಂದೆ ಚಾಚಿ ನೋಡಿ. ನಿಂತಾಗ ಮಂಡಿಗೆ ಸರಿಯಾಗಿದ್ದ ಪ್ಯಾಡ್ ಕೂತಾಗ ತೊಡೆಯ ಕಡೆಗೆ ಏರಿರುತ್ತದೆ, ಯಾಕೆಂದರೆ ಪ್ಯಾಂಟ್ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ರೈಡಿಂಗ್ ಪ್ಯಾಂಟಿನಲ್ಲಿ ನಿಂತಾಗ ಪ್ಯಾಡ್ ಮಂಡಿಗಿಂತ ಸ್ವಲ್ಪ ಕೆಳಗೆ ಕಂಡರೆ ಅದು ತಪ್ಪಲ್ಲ. ಆಮೇಲೆ ಪ್ಯಾಡನ್ನು ಬೆರಳುಗಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಮೂಳೆಯ ಉಬ್ಬನ್ನು ಬಿಟ್ಟು ಪಕ್ಕಕ್ಕೆ ಹೋಗುವುದಾದರೆ ಚಿಕ್ಕ ಸೈಜ್ ಕೇಳಿ. ತೋಳಿನಲ್ಲಿ, ಸೊಂಟದಲ್ಲಿ ಬಿಗಿ ಮಾಡುವ ಪಟ್ಟಿಗಳಿದ್ದರೆ ಅವನ್ನೂ ಹಾಕಿ ನೋಡಿ.

ಪ್ಯಾಡನ್ನು ಹೊರಗೆ ತೆಗೆದು ಅದರ ಮೇಲಿನ ಅಚ್ಚನ್ನೂ ಓದಿ. ಬೈಕ್ ಸವಾರನ ಚಿತ್ರ, ಇಎನ್ 1621-1 ಅನ್ನುವ ಗುರುತು, 1 ಅಥವಾ 2, ಜೊತೆಗೆ ಒಂದು ಅಕ್ಷರ ಇರಬೇಕು. ಇಂಗ್ಲಿಷಿನ ಎಸ್ ಅಂದರೆ ಭುಜ, ಇ ಮೊಣಕೈ, ಎಚ್ ಸೊಂಟ, ಕೆ ಮಂಡಿ. ಬರೀ ಸಿಇ ಅನ್ನುವ ಯುರೋಪಿನ ಸುರಕ್ಷತಾ ಗುರುತಷ್ಟೇ ಇದ್ದು ಬೇರೇನೂ ಇಲ್ಲದಿದ್ದರೆ ಅದನ್ನು ನಂಬಬೇಡಿ. ಟಿ ಪ್ಲಸ್ ಅನ್ನುವ ಗುರುತಿದ್ದರೆ ಇನ್ನೂ ಒಳ್ಳೆಯದು. 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಪಾಸಾಗಿದೆ ಅಂತ ಅರ್ಥ. ಮೆತ್ತನೆಯ ಪ್ಯಾಡುಗಳು ಬಿಸಿಗೆ ಇನ್ನಷ್ಟು ಮೆತ್ತಗಾಗುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೈಕ್ ಓಡಿಸುವವರಿಗೆ ಇದು ನಿಜಕ್ಕೂ ಬೇಕಾದ ಗುರುತು. ಬೆನ್ನಿನ ಜೇಬನ್ನು ಮರೆಯಬೇಡಿ. ಎಷ್ಟೋ ಜಾಕೆಟ್ಟುಗಳಲ್ಲಿ ಭುಜ, ಮೊಣಕೈಗೆ ಒಳ್ಳೆಯ ಪ್ಯಾಡ್ ಇದ್ದು, ಬೆನ್ನಿಗೆ ಮಾತ್ರ ಸುಮ್ನೆ ಒಂದು ಸ್ಪಂಜಿನ ಹಾಳೆ ಇರುತ್ತದೆ.

ಇದೆಲ್ಲ ನಿಜವಾದ ಅಪಘಾತದಲ್ಲಿ ಕೆಲಸಕ್ಕೆ ಬರುತ್ತದಾ? ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೆ ಸಿಕ್ಕ 212 ಸವಾರರನ್ನು ಅಧ್ಯಯನ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ಯಾಡ್ ಇದ್ದ ಉಡುಪು ಹಾಕಿಕೊಂಡವರಿಗೆ ಕಾಲಿನ ಗಾಯದ ಅಪಾಯ ಸುಮಾರು 40%, ದೇಹದ ಮೇಲ್ಭಾಗದ ಗಾಯದ ಅಪಾಯ 23% ಕಡಿಮೆ ಇತ್ತು. ಅದೇ ಅಧ್ಯಯನದ ಇನ್ನೊಂದು ಮುಖ ಕಳವಳದ್ದು. ಬೈಕಿಗೆಂದೇ ಮಾಡಿದ ಜಾಕೆಟ್, ಪ್ಯಾಂಟ್, ಗ್ಲೌಸುಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅಪಘಾತದಲ್ಲಿ ಹರಿದೋ ಸವೆದೋ ವಿಫಲವಾಗಿದ್ದವು. ಪ್ಯಾಡ್ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹಿಡಿದಿರುವ ಹೊಲಿಗೆ ಬಿಟ್ಟರೆ ಏನೂ ಉಳಿಯುವುದಿಲ್ಲ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡುತ್ತದೆ. ಜಾಕೆಟ್, ಪ್ಯಾಡ್ ಎಲ್ಲ ನಮ್ಮ ನಮ್ಮ ಆಯ್ಕೆ. ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರು ಇವನ್ನು ಹಾಕಿಕೊಳ್ಳುವುದು ಹೆಚ್ಚಾಗಿದೆ. ದಿನಾ ಆಫೀಸಿಗೆ ಹೋಗುವವರಿಗೂ ಬೀಳುವ ಎತ್ತರ ಅಷ್ಟೇ.

ಮಂಡಿಯೂರಿ ಕೆಲಸ ಮಾಡುವವರಿಗೆ

ಟೈಲ್ಸ್ ಹಾಕುವ ಮೇಸ್ತ್ರಿಗಳ ಕಷ್ಟ ಬೇರೆ. ಅವರಿಗೆ ಏಟಿನ ಸಮಸ್ಯೆ ಇಲ್ಲ, ಗಂಟೆಗಟ್ಟಲೆ ಮಂಡಿಯ ಮೇಲೆ ಬೀಳುವ ಒತ್ತಡದ ಸಮಸ್ಯೆ. ಮಂಡಿಚಿಪ್ಪಿನ ಮುಂದಿರುವ ನೀರಿನ ಚೀಲ ಊದಿಕೊಳ್ಳುತ್ತದೆ. ಯುರೋಪಿನ ಇಎನ್ 14404 ಮಾನದಂಡದಲ್ಲಿ ಕಾಲಿಗೆ ಕಟ್ಟುವ ಪ್ಯಾಡ್ ಟೈಪ್ 1, ಪ್ಯಾಂಟಿನ ಜೇಬಿಗೆ ತೂರಿಸುವುದು ಟೈಪ್ 2. ದಿನವಿಡೀ ಎದ್ದು ಕೂತು ಮಾಡುವವರಿಗೆ ಟೈಪ್ 2 ಬಹಳ ಹಾಯಿ. ಮಂಡಿಯ ಹಿಂದೆ ಯಾವ ಪಟ್ಟಿಯೂ ಕೊರೆಯುವುದಿಲ್ಲ. ನಮ್ಮ ಮೇಸ್ತ್ರಿಗಳಲ್ಲಿ ಹೆಚ್ಚಿನವರು ಗೋಣಿಚೀಲವನ್ನೋ ಥರ್ಮಾಕೋಲನ್ನೋ ಹಾಕಿಕೊಂಡು ಕೆಲಸ ಮಾಡುತ್ತಾರೆ. ಗುತ್ತಿಗೆದಾರರು ಹೆಲ್ಮೆಟ್ ಜೊತೆ ಇಂಥ ಒಂದು ಪ್ಯಾಂಟನ್ನೂ ಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅಜ್ಜ ಅಜ್ಜಿಯರ ಸೊಂಟ

ಸ್ಟ್ರಾಪ್ ಇಲ್ಲದ ಪ್ಯಾಡ್ ಬಗ್ಗೆ ವಯಸ್ಸಾದವರ ವಿಷಯದಲ್ಲಿ ಬಹಳ ಸಂಶೋಧನೆ ನಡೆದಿದೆ. ಮೂಳೆ ಸವೆದವರು ಪಕ್ಕಕ್ಕೆ ಬಿದ್ದರೆ ತೊಡೆಮೂಳೆಯ ಮೇಲ್ಭಾಗದಲ್ಲಿ, ಸೊಂಟದ ಪಕ್ಕ ಕೈಗೆ ಸಿಗುವ ಉಬ್ಬು ನೇರವಾಗಿ ನೆಲಕ್ಕೆ ಬಡಿಯುತ್ತದೆ. ಅಲ್ಲಿ ಮೂಳೆ ಮುರಿದರೆ ಆಪರೇಷನ್, ಹಾಸಿಗೆ, ಮತ್ತೆ ನಡೆಯುವುದೇ ಕಷ್ಟ. ಹಿಪ್ ಪ್ರೊಟೆಕ್ಟರ್ ಅಂದರೆ ಎರಡೂ ಪಕ್ಕ ಜೇಬಿರುವ ಬಿಗಿ ಒಳಚಡ್ಡಿ. ಜೇಬಿನಲ್ಲಿ ಪ್ಯಾಡ್ ಇರುತ್ತದೆ. ಕೆಲವು ಗಟ್ಟಿ ಚಿಪ್ಪಿನವು, ಅವು ಏಟನ್ನು ಉಬ್ಬಿನಿಂದ ತಪ್ಪಿಸಿ ಸುತ್ತಲಿನ ಮಾಂಸಕ್ಕೆ ಹಂಚುತ್ತವೆ. ಕೆಲವು ಮೆತ್ತನೆಯವು, ಅವು ಏಟನ್ನು ತಾವೇ ಹೀರುತ್ತವೆ.

ಫಿನ್‌ಲ್ಯಾಂಡಿನಲ್ಲಿ 1801 ಹಿರಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2000ರಲ್ಲಿ ಬಂತು. ಪ್ಯಾಡ್ ಕೊಟ್ಟ 653 ಜನರಲ್ಲಿ 13 ಮಂದಿಗೆ ಸೊಂಟದ ಮೂಳೆ ಮುರಿಯಿತು. ಕೊಡದ 1148 ಜನರಲ್ಲಿ 67 ಮಂದಿಗೆ. ಕಾಲಾವಧಿಯನ್ನೂ ಲೆಕ್ಕ ಹಾಕಿದರೆ ಅಪಾಯ ಅರ್ಧಕ್ಕಿಂತ ಕಡಿಮೆ. ಆದರೆ ಆ 13ರ ಒಳಗಿನ ಲೆಕ್ಕವನ್ನು ನೋಡಿ. ಪ್ಯಾಡ್ ಹಾಕಿಕೊಂಡು ಬಿದ್ದದ್ದು 1034 ಸಲ, ಮುರಿದದ್ದು 4. ಪ್ಯಾಡ್ ಕೊಟ್ಟಿದ್ದರೂ ಹಾಕಿಕೊಳ್ಳದೆ ಬಿದ್ದದ್ದು 370 ಸಲ, ಮುರಿದದ್ದು 9.

ಎಲ್ಲ ಪ್ರಯೋಗಗಳೂ ಹೀಗೆ ಹೇಳುವುದಿಲ್ಲ. ಅಮೆರಿಕದ 37 ನರ್ಸಿಂಗ್ ಹೋಮುಗಳಲ್ಲಿ ಪ್ರತಿಯೊಬ್ಬರಿಗೂ ಒಂದೇ ಪಕ್ಕಕ್ಕೆ ಪ್ಯಾಡ್ ಹಾಕಿ, ಎರಡೂ ಪಕ್ಕಗಳನ್ನು ಹೋಲಿಸಿದರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಪ್ಯಾಡಿನಿಂದ ಉಪಯೋಗ ಕಾಣಲಿಲ್ಲ. ಒಟ್ಟಾರೆ ನೋಡಿದರೆ ವೃದ್ಧಾಶ್ರಮದಂಥ ಕಡೆ, ನೋಡಿಕೊಳ್ಳುವವರು ಇರುವಲ್ಲಿ ಸ್ವಲ್ಪ ಲಾಭ ಕಾಣುತ್ತದೆ. ಮನೆಯಲ್ಲಿ ತಮ್ಮಷ್ಟಕ್ಕೆ ಇರುವವರಲ್ಲಿ ಲಾಭ ಅಷ್ಟಾಗಿ ಕಂಡಿಲ್ಲ. ಎಲ್ಲ ಕಡೆ ಬಂದ ದೊಡ್ಡ ತೊಡಕು ಒಂದೇ: ಜನ ಹಾಕಿಕೊಳ್ಳುವುದಿಲ್ಲ. ಬಿಗಿ ಅನ್ನಿಸುತ್ತದೆ, ಸೆಕೆ, ಸೊಂಟ ದಪ್ಪ ಕಾಣುತ್ತದೆ, ಶೌಚಕ್ಕೆ ಹೋದಾಗ ಇಳಿಸಿ ಏರಿಸುವುದು ಕಷ್ಟ.

ನಮ್ಮ ಮನೆಗಳಲ್ಲಿ ಸೀರೆಯ ಲಂಗದ ಒಳಗೆ, ಪಂಚೆಯ ಒಳಗೆ ಇದನ್ನು ಹಾಕಿಕೊಳ್ಳಬಹುದು, ಹೊರಗೆ ಕಾಣುವುದೂ ಇಲ್ಲ. ಮೂಳೆ ಸವೆತ ಇರುವ, ಆಗಲೇ ಒಂದೆರಡು ಸಲ ಬಿದ್ದಿರುವ ಹಿರಿಯರಿದ್ದರೆ ಡಾಕ್ಟರನ್ನು ಕೇಳಿ ತರಿಸಿ. ಸೊಂಟದ ಅಳತೆ ತೆಗೆದೇ ಸೈಜ್ ಆರಿಸಿ. ಹಾಕಿಸಿದ ಮೇಲೆ ಪಕ್ಕದ ಉಬ್ಬು ಪ್ಯಾಡಿನ ನಡುವೆ ಬಂತಾ ಅಂತ ಕೈಯಿಂದ ಮುಟ್ಟಿ ನೋಡಿ. ಕೂತು ಎದ್ದ ಮೇಲೆ ಇನ್ನೊಮ್ಮೆ ನೋಡಿ. ರಾತ್ರಿ ನಿದ್ದೆಗಣ್ಣಲ್ಲಿ ಬಚ್ಚಲಿಗೆ ಹೋಗುವಾಗ ಬೀಳುವ ಭಯ ಇರುವುದರಿಂದ ರಾತ್ರಿಯೂ ಹಾಕಿರಬೇಕು. ಅದಕ್ಕೆ ಮಲಗುವಾಗ ಒತ್ತದ ಮೆತ್ತನೆಯ ಪ್ಯಾಡೇ ವಾಸಿ. ಒಂದೇ ಚಡ್ಡಿ ತಂದರೆ ಅದು ಒಗೆದು ಒಣಗುವವರೆಗೆ ಪ್ಯಾಡ್ ಇಲ್ಲದೆ ಓಡಾಡಬೇಕಾಗುತ್ತದೆ. ಕನಿಷ್ಠ ಮೂರಾದರೂ ಇರಲಿ, ಮಳೆಗಾಲಕ್ಕೆ ಇನ್ನೊಂದು.